ಪಾಯಿಂಟ್ ಕೂತಿದೆ ಎಂದು ಹೇಳುವವರು ಯಾರು?

ತುಮಕೂರಿನ ಓದುಗರೊಬ್ಬರ ಪತ್ರದ ಸಾರ: ಮಳೆಯಲ್ಲಿ ಅವರ ರೈಲು ಜಂಕ್ಷನ್ನಿನ ಹೊರಗೆ 50 ನಿಮಿಷ ನಿಂತಿತು. ಕಾರಣ ಕೇಳಿದರೆ ‘ಪಾಯಿಂಟ್ ಫೇಲ್’ ಎಂಬ ಉತ್ತರ. ಕಿಟಕಿಯಿಂದ ಕಂಡದ್ದು, ಹಳಿ ಪಕ್ಕದ ಕಬ್ಬಿಣದ ಪೆಟ್ಟಿಗೆಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಇಬ್ಬರು. ಆಮೇಲೆ ಕೆಂಪು ದೀಪ ಇದ್ದಂತೆಯೇ ರೈಲು ತೆವಳುತ್ತ ಹೊರಟಿತು. ಮುಂದಿನ ರೈಲು ತಪ್ಪಿತು. ಅವರ ಪ್ರಶ್ನೆ: ಐದು ನಿಮಿಷದ ಕೆಲಸಕ್ಕೆ ಇಷ್ಟು ಹೊತ್ತೇಕೆ? ಕೆಂಪು ದಾಟಿದ್ದು ಸರಿಯೇ? ಟಿಕೆಟ್ ಹಣ ಸಿಗುತ್ತದೆಯೇ?

ಸಂಪಾದಕರ ಉತ್ತರ:

ಕೆಲಸ ಐದು ನಿಮಿಷದ್ದೇ ಇರಬಹುದು. ಹೊತ್ತು ಹೋಗುವುದು ಬೇರೆ ಕಡೆ.

ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗವೇ ಪಾಯಿಂಟ್. ಅಲ್ಲಿ ತುದಿ ಚೂಪಾದ ಎರಡು ನಾಲಿಗೆ ಹಳಿಗಳು ಒಟ್ಟಿಗೆ ಸರಿಯುತ್ತವೆ. ಒಂದು ಪಕ್ಕದ ಹಳಿಗೆ ಅಂಟಿ ಕೂತರೆ ಇನ್ನೊಂದು ಅಂಗೈ ಅಗಲಕ್ಕಿಂತ ಹೆಚ್ಚು ತೆರೆದಿರುತ್ತದೆ. ಸರಿಸುವುದು ನೀವು ಕಂಡ ಪೆಟ್ಟಿಗೆಯೊಳಗಿನ 110 ವೋಲ್ಟ್ ಡಿಸಿ ಮೋಟಾರು. ಮೂರರಿಂದ ಐದು ಸೆಕೆಂಡಿನ ಕೆಲಸ. ಸರಿಸಿದರೆ ಸಾಲದು, ನಾಲಿಗೆಯನ್ನು ಅಲ್ಲೇ ಲಾಕ್ ಮಾಡಬೇಕು, ಲಾಕ್ ಆಯಿತು ಎಂದು ಸ್ಟೇಷನ್ ಮಾಸ್ಟರರ ಪ್ಯಾನೆಲ್‌ಗೆ ತಿಳಿಸಬೇಕು. ಆ ಸುದ್ದಿ ಬರುವವರೆಗೆ ಸಿಗ್ನಲ್ ಹಸಿರಾಗುವುದಿಲ್ಲ.

ತಡವಾಗುವುದು ಹೆಚ್ಚಾಗಿ ಈ ಸುದ್ದಿ ಬಾರದೆ. ನಾಲಿಗೆಗೂ ಪಕ್ಕದ ಹಳಿಗೂ ನಡುವೆ, ತುದಿಯಿಂದ 150 ಮಿ.ಮೀ. ದೂರದಲ್ಲಿ 5 ಮಿ.ಮೀ. ದಪ್ಪದ ತುಂಡಿಟ್ಟು ಪರೀಕ್ಷಿಸುತ್ತಾರೆ: ಆಗ ಲಾಕ್ ಬೀಳಬಾರದು, ಸಿಗ್ನಲ್ ಬರಬಾರದು. ಹಾಗಾಗಿ ಒಂದು ಜಲ್ಲಿ ಚೂರು ಸಿಕ್ಕಿಕೊಂಡರೂ ಸಾಕು. ಮೋಟಾರು ಒತ್ತುತ್ತದೆ, ಒಳಗಿನ ಕ್ಲಚ್ ಜಾರುತ್ತದೆ, ಕರೆಂಟು ಕಡಿಯುತ್ತದೆ. ನಾಲಿಗೆ ಜಾರುವ ಪ್ಲೇಟುಗಳ ಎಣ್ಣೆಯನ್ನು ಮಳೆ ತೊಳೆದರೆ ಅಥವಾ ಪೆಟ್ಟಿಗೆಯೊಳಗಿನ ಕಾಂಟ್ಯಾಕ್ಟಿಗೆ ನೀರು ತಾಗಿದರೂ ಇದೇ ಪಾಡು. ಕೊನೆಯದರಲ್ಲಿ ನಾಲಿಗೆ ಸರಿಯಾಗಿಯೇ ಕೂತಿರುತ್ತದೆ, ಹೇಳುವ ತಂತಿ ಮಾತ್ರ ಮೂಕ. ಕಿಟಕಿಯಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮಾಸ್ಟರ್ ಮೊದಲು ಎರಡು ಮೂರು ಸಲ ಪಾಯಿಂಟನ್ನು ಆಚೀಚೆ ಓಡಿಸಿ ನೋಡುತ್ತಾರೆ. ಕಲ್ಲು ಉದುರಿದರೆ ಪುಣ್ಯ. ಇಲ್ಲದಿದ್ದರೆ ಬೀಗ ತೆಗೆದು ಕ್ರ್ಯಾಂಕ್ ಹ್ಯಾಂಡಲ್ ಕೊಡಬೇಕು. ಅದರ ಕೀಲಿ ಹೊರಬಂದಿತೆಂದರೆ ಆ ಪಾಯಿಂಟಿನ ಮೇಲೆ ಹಾಯುವ ಯಾವ ಸಿಗ್ನಲ್ಲೂ ಕೆಂಪು ಬಿಡುವುದಿಲ್ಲ. ಮಳೆಯಲ್ಲಿ ಜಲ್ಲಿ ಮೇಲೆ ಅರ್ಧ ಕಿಲೋಮೀಟರ್ ನಡಿಗೆ. ಹ್ಯಾಂಡಲ್ ತಿರುಗಿಸಿ ನಾಲಿಗೆ ಕೂರಿಸಿ, ಅದನ್ನು ಹಳಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಬೀಗ ಜಡಿಯಬೇಕು. ಆಮೇಲೆ ಲೋಕೊ ಪೈಲಟ್ ಕೈಗೆ ಕೆಂಪು ದಾಟಲು ಬರಹದ ಅಪ್ಪಣೆ. ಟಿ/369 (3ಬಿ) ಎಂಬ ನಮೂನೆ. ನಿಮ್ಮ ರೈಲು ದಾಟಿದ್ದು ಹೀಗೆಯೇ ಇರಬೇಕು, ಸರಿಯಾದ ಕ್ರಮ ಅದೇ. ಅಂಥ ಪಾಯಿಂಟಿನ ಮೇಲೆ ವೇಗ ಗಂಟೆಗೆ 15 ಕಿ.ಮೀ. ಮೀರಬಾರದು. 22 ಬೋಗಿಯ ರೈಲು ಪೂರ್ತಿ ದಾಟಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಎದುರಿನ ರೈಲಿಗೂ ಹಿಂದಿನದಕ್ಕೂ ಇಷ್ಟೇ ಶಾಸ್ತ್ರ. ಸಿಂಗಲ್ ಲೈನಾದರೆ ಇನ್ನೂ ಕಷ್ಟ.

ಇದನ್ನೆಲ್ಲ ಬೇಗ ಮುಗಿಸುವ ಅಡ್ಡದಾರಿ ಇದೆ, ಭಯ ಅದರದ್ದೇ. ಸಿಗ್ನಲ್ ತಂತಿಗಳು ಸೇರುವ, ಹಳಿ ಪಕ್ಕದ ಲೊಕೇಶನ್ ಬಾಕ್ಸ್ ತೆರೆದು ತಂತಿಗೆ ತಂತಿ ಸೇರಿಸಿದರೆ ಪಾಯಿಂಟ್ ಕೂರದಿದ್ದರೂ ‘ಕೂತಿದೆ’ ಎಂಬ ಸುದ್ದಿ ಹೋಗುತ್ತದೆ. ಅದಕ್ಕೇ, ಬಾಕ್ಸಿಗೆ ಕೈಹಾಕುವ ಮುನ್ನ ಸಿಗ್ನಲ್ ಸಿಬ್ಬಂದಿ ಟಿ/351 ಎಂಬ ಡಿಸ್‌ಕನೆಕ್ಷನ್ ಚೀಟಿ ಬರೆದು ಮಾಸ್ಟರರ ಸಹಿ ಪಡೆಯಬೇಕು. 2023ರ ಫೆಬ್ರುವರಿ 8ರಂದು ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ ಮಾತ್ರ ತಪ್ಪು ಹಳಿಗೆ ಕೂತಿತ್ತು. ಲೋಕೊ ಪೈಲಟ್ ಕಂಡು ನಿಲ್ಲಿಸಿದ್ದರಿಂದ ಎಲ್ಲರೂ ಉಳಿದರು. ಲೊಕೇಶನ್ ಬಾಕ್ಸಿನ ಈ ಕೈಚಳಕದ ಬಗ್ಗೆ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಎಚ್ಚರಿಕೆಯ ಪತ್ರ ಬರೆದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೈನ್ ಲೈನಿನ ಹಸಿರು ಬಿತ್ತು, ಪಾಯಿಂಟ್ ಮಾತ್ರ ಪಕ್ಕಕ್ಕೆ ಕವಲೊಡೆಯುವ ಲೂಪ್ ಲೈನಿಗೆ ಇತ್ತು. ಸತ್ತವರು 290ಕ್ಕೂ ಹೆಚ್ಚು. ಸಿಗ್ನಲ್ ಸರ್ಕ್ಯೂಟ್ ಬದಲಿಸುವ ಕೆಲಸದಲ್ಲಿ ಆದ ಲೋಪಗಳೇ ಕಾರಣವೆಂದು ತನಿಖೆ ಹೇಳಿತು. ಆ ದಿನ ರೈಲು ಒಂದು ನಿಮಿಷವೂ ಹೊರಗೆ ಕಾಯಲಿಲ್ಲ.

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದಲ್ಲ. ಒಂದೇ ಪಾಯಿಂಟ್ ಮಳೆಗಾಲದಲ್ಲಿ ಮತ್ತೆ ಮತ್ತೆ ಕೈಕೊಟ್ಟರೆ ಅದು ನಿರ್ವಹಣೆಯ ದೋಷವೇ. ಜಲ್ಲಿಯ ಕೆಸರು ತೆಗೆಯುವುದು, ಪ್ಲೇಟಿಗೆ ಎಣ್ಣೆ ಹಚ್ಚುವುದು, ಪೆಟ್ಟಿಗೆ ಮುಚ್ಚಳದ ರಬ್ಬರ್ ಬದಲಿಸುವುದು ಮಳೆಗೆ ಮುಂಚೆ ಆಗಬೇಕಾದ ಕೆಲಸ. ದೂರು ಕೊಡುವಾಗ ದಿನಾಂಕ, ರೈಲು ಸಂಖ್ಯೆ, ನಿಂತ ಜಾಗದ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಬರೆಯಿರಿ. ‘ರೈಲು ತಡ’ ಎಂದಷ್ಟೇ ಬರೆದರೆ ‘ವಿಷಾದಿಸುತ್ತೇವೆ’ ಎಂಬ ಉತ್ತರವಷ್ಟೇ ಬರುತ್ತದೆ.

ಹಣದ ಮಾತು: ನೀವು ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಮಾಡದಿದ್ದರೆ ಮಾತ್ರ ಪೂರ್ತಿ ವಾಪಸು, ಅದಕ್ಕೂ ರೈಲು ಹೊರಡುವ ಮುಂಚೆ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಸಲ್ಲಿಸಿರಬೇಕು. ಈ 50 ನಿಮಿಷಕ್ಕೆ ಏನೂ ಸಿಗುವುದಿಲ್ಲ. ಆದರೆ ತಪ್ಪಿದ ಎರಡನೆಯ ರೈಲಿನ ಟಿಕೆಟನ್ನು ಬುಕಿಂಗ್ ಸಮಯದಲ್ಲೇ ಮೊದಲನೆಯದರ ಪಿಎನ್‌ಆರ್ ಜೊತೆ ಜೋಡಿಸಿದ್ದಿರಾ? ಜೋಡಿಸಿದ್ದರೆ ಆ ಭಾಗದ ಹಣ ಕೇಳಲು ಅವಕಾಶವಿತ್ತು. ಮುಂದಿನ ಸಲ ಬುಕ್ ಮಾಡುವಾಗ ನೋಡಿ.