ಯುದ್ಧವಿಮಾನದ ಸಿಮ್ಯುಲೇಟರ್ ಆಡೋದಕ್ಕೆ ವಿಆರ್ ಹೆಡ್‌ಸೆಟ್ ತಗೊಳ್ಳಬಹುದಾ?

ಡಿಸಿಎಸ್ ವರ್ಲ್ಡ್ ಅನ್ನೋ ಯುದ್ಧವಿಮಾನದ ಸಿಮ್ಯುಲೇಟರ್ ಅನ್ನು ಮಾನಿಟರ್‌ನಲ್ಲಿ ಆಡುತ್ತೀರಿ, ಡಾಗ್‌ಫೈಟ್‌ನಲ್ಲಿ ಎದುರಾಳಿ ಪದೇ ಪದೇ ಕಣ್ತಪ್ಪಿಸಿಕೊಳ್ಳುತ್ತಾನೆ, ವಿಆರ್, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ, ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹತ್ತಿರದ ಕಾದಾಟಕ್ಕಾದರೆ ಕಣ್ಣುಮುಚ್ಚಿಕೊಂಡು ಹೌದು ಅನ್ನುತ್ತೇನೆ. ದೂರದಲ್ಲಿರುವವನನ್ನು ಹುಡುಕೋದಕ್ಕೆ ಮಾನಿಟರೇ ವಾಸಿ.

ಎದುರಾಳಿ ನಿಮ್ಮ ಎಡಗಡೆಯಿಂದ ಹಾದು ಹಿಂದಕ್ಕೆ ಹೋದ ಅಂದುಕೊಳ್ಳಿ. ಮಾನಿಟರ್‌ನಲ್ಲಿ ಜಾಯ್‌ಸ್ಟಿಕ್ ಮೇಲಿನ ಪುಟ್ಟ ಹ್ಯಾಟ್ ಸ್ವಿಚ್ ಒತ್ತಿ ನೋಟ ತಿರುಗಿಸಬೇಕು. ಅವನು ಸಿಗುವಷ್ಟರಲ್ಲಿ ನಿಮ್ಮ ವಿಮಾನದ ಮೂತಿ ಯಾವ ಕಡೆ ಇದೆ ಅನ್ನೋದೇ ಮರೆತುಹೋಗಿರುತ್ತದೆ. ವಿಆರ್‌ನಲ್ಲಿ ಸುಮ್ನೆ ಕತ್ತು ತಿರುಗಿಸಿದರೆ ಸಾಕು. ಮೂತಿ ಎಲ್ಲಿದೆ ಅಂತ ಮೈಗೇ ಗೊತ್ತಿರುತ್ತದೆ. ಐಎಲ್-2 ಸ್ಟರ್ಮೊವಿಕ್ ಅನ್ನೋ ಎರಡನೇ ಮಹಾಯುದ್ಧದ ಸಿಮ್ಯುಲೇಟರ್‌ನಲ್ಲಿ ಮೆಸ್ಸರ್‌ಸ್ಮಿಟ್ 109 ವಿಮಾನ ಓಡಿಸಿ ನೋಡಿ. ಅದರ ಗಾಜಿನ ಸುತ್ತ ದಪ್ಪ ಕಂಬಿಗಳು, ಹಿಂದೆ ಏನೂ ಸರಿಯಾಗಿ ಕಾಣೋದಿಲ್ಲ. ಸ್ವಲ್ಪ ಪಕ್ಕಕ್ಕೆ ವಾಲಿ ಇಣುಕಿದಾಗ ಬಾಲದ ಅಂಚಿನಲ್ಲಿ ಒಂದು ರೆಕ್ಕೆ ಮಿಂಚಿ ಮರೆಯಾಗುತ್ತದೆ. ಆ ಕ್ಷಣಕ್ಕೆ ಎದೆ ಧಸಕ್ ಅನ್ನುತ್ತೆ, ಮಾನಿಟರ್‌ನಲ್ಲಿ ನನಗೆ ಯಾವತ್ತೂ ಹಾಗಾಗಿಲ್ಲ. ಗನ್ ಹೊಡೆಯೋದು, ಫಾರ್ಮೇಶನ್‌ನಲ್ಲಿ ಹಾರೋದು, ಹಾರುತ್ತಲೇ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಳ್ಳೋದು ಇವೆಲ್ಲ ಸುಲಭವಾಗುತ್ತವೆ. ಎರಡೂ ಕಣ್ಣಿಗೆ ಬೇರೆಬೇರೆ ಚಿತ್ರ ಸಿಗೋದರಿಂದ ಎಷ್ಟು ಹತ್ತಿರ ಬಂದಿದ್ದೀರಿ ಅನ್ನೋದು ಲೆಕ್ಕ ಹಾಕದೇ ತಿಳಿಯುತ್ತದೆ.

ಇನ್ನು ತೊಂದರೆಗಳು. ಚೆನ್ನಾಗಿರುವ ಮನುಷ್ಯನ ಕಣ್ಣಿಗೆ ಪ್ರತಿ ಡಿಗ್ರಿಗೆ ಸುಮಾರು 60 ಪಿಕ್ಸೆಲ್‌ವರೆಗಿನ ಸೂಕ್ಷ್ಮ ಗೊತ್ತಾಗುತ್ತದೆ. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ಕೊಡೋದು 25ರ ಆಸುಪಾಸು. ಹಾಗಾಗಿ ದೂರದ ವಿಮಾನ ಒಂದು ಮಸುಕು ಚುಕ್ಕೆ, ತಿರುಗಿದಾಗ ಅದೂ ಮಾಯ. ಹತ್ತಿರ ಬರುತ್ತಿದ್ದಾನೋ ದೂರ ಹೋಗುತ್ತಿದ್ದಾನೋ ಹೇಳೋದು ಕಷ್ಟ. ಡಿಸಿಎಸ್‌ನಲ್ಲಿ ವಿಆರ್ ಜೂಮ್ ಅಂತ ಒಂದು ಕಮ್ಯಾಂಡ್ ಇದೆ, ಅದನ್ನು ಸ್ಟಿಕ್‌ನ ಒಂದು ಬಟನ್‌ಗೆ ಹಾಕಿಕೊಳ್ಳಿ. ಅದಿಲ್ಲದೆ ಡಿಸ್‌ಪ್ಲೇಗಳ ಸಣ್ಣ ಅಕ್ಷರ ಓದೋದೂ ಪಾಡೇ. ರೇಡಾರ್ ನೋಡಿ ದೂರದಿಂದ ಕ್ಷಿಪಣಿ ಬಿಡೋದೇ ನಿಮ್ಮ ಆಟವಾದರೆ, ಟ್ರ್ಯಾಕ್‌ಐಆರ್ ಥರದ ತಲೆಯ ಚಲನೆ ಗುರುತಿಸುವ ಸಾಧನ ಸಾಕು. ಅದರಲ್ಲಿ ತಲೆಯನ್ನು ಸ್ವಲ್ಪ ಆಡಿಸಿದರೂ ಪೂರ್ತಿ ಹಿಂದಕ್ಕೆ ನೋಡಬಹುದು. ವಿಆರ್‌ನಲ್ಲಿ ನಿಜವಾಗಿಯೂ ತಿರುಗಬೇಕು. ಓರೆಗಣ್ಣಿನ ನೋಟವೂ ಕಡಿಮೆ, ಹಾಗಾಗಿ ಕತ್ತಿಗೆ ಇನ್ನೂ ಜಾಸ್ತಿ ಕೆಲಸ. ರಾತ್ರಿಯೆಲ್ಲ ಆಡಿದರೆ ಬೆಳಗ್ಗೆ ಕತ್ತು ಹಿಡಿದುಕೊಂಡಿರುತ್ತೆ.

ಕಂಪ್ಯೂಟರ್ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೂ 2064×2208 ಪಿಕ್ಸೆಲ್. ಎರಡೂ ಸೇರಿದರೆ 4ಕೆ ಮಾನಿಟರ್‌ಗಿಂತ ಜಾಸ್ತಿ. ಲೆನ್ಸ್‌ನ ಸೊಟ್ಟ ಸರಿಪಡಿಸೋದಕ್ಕೆ ಅದಕ್ಕೂ ಮೇಲೆ ಬಿಡಿಸಬೇಕು. 90 ಹರ್ಟ್ಸ್, ಅಂದರೆ ಸೆಕೆಂಡಿಗೆ 90 ಫ್ರೇಮ್ (ಚಿತ್ರ) ಬೇಕು ಅಂದರೆ, ಒಂದು ಫ್ರೇಮ್‌ಗೆ ಸಿಗೋದು 11 ಮಿಲಿಸೆಕೆಂಡ್. ಗ್ರಾಫಿಕ್ಸ್ ಕಾರ್ಡ್‌ಗೆ ಆಗದಿದ್ದರೆ ಸಾಫ್ಟ್‌ವೇರ್ 45 ಫ್ರೇಮ್ ಮಾತ್ರ ಬಿಡಿಸಿ, ನಡುವಿನವನ್ನು ಊಹಿಸಿ ತುಂಬುತ್ತದೆ. ಬೆಟ್ಟ ಗುಡ್ಡಕ್ಕೆ ಅದು ಪರವಾಗಿಲ್ಲ. ಪಕ್ಕದಲ್ಲೇ ಜುಮ್ಮನೆ ಹಾದುಹೋಗುವ ವಿಮಾನ ಮಾತ್ರ ಎರಡೆರಡಾಗಿ ಕಾಣುತ್ತದೆ. ನಿಮಗೆ ಬೇಕಾಗಿದ್ದೇ ಅವನು, ಅಲ್ವಾ? ಅದಕ್ಕೇ ನಾನು ಮೊದಲು ನೆರಳು, ಮೋಡದ ಗುಣಮಟ್ಟ ಇಳಿಸುತ್ತೇನೆ, ರೆಸಲ್ಯೂಶನ್ ಮುಟ್ಟೋದು ಕೊನೆಗೆ.

ಕೀಬೋರ್ಡ್ ಕಾಣೋದಿಲ್ಲ ಅನ್ನೋದನ್ನು ಜನ ಕೊಂಡ ಮೇಲೆ ಅರಿತುಕೊಳ್ಳುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಒಂದು ಕೀಲಿ ಹುಡುಕುವಷ್ಟರಲ್ಲಿ ಹೊಡೆದು ಹಾಕಿರುತ್ತಾರೆ. ಸ್ಟಿಕ್, ಥ್ರಾಟಲ್ ಇನ್ನೂ ಇಲ್ಲದಿದ್ದರೆ ದುಡ್ಡು ಮೊದಲು ಅದಕ್ಕೆ ಹಾಕಿ. ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಬೆಂಕಿಯುಂಡೆ), ಆಯುಧದ ಆಯ್ಕೆ, ನೋಟ ಮಧ್ಯಕ್ಕೆ ತರುವ ಬಟನ್ ಎಲ್ಲವೂ ಬೆರಳಿಗೆ ಸಿಗಬೇಕು.

ತಲೆಸುತ್ತು ಬರುತ್ತದೆ, ಸುಳ್ಳು ಹೇಳೋದಿಲ್ಲ. ಕಣ್ಣು ಉರುಳುತ್ತಿದ್ದೇನೆ ಅನ್ನುತ್ತೆ, ಒಳಗಿವಿ ಕುರ್ಚಿಯಲ್ಲೇ ಕೂತಿದ್ದೇನೆ ಅನ್ನುತ್ತೆ. ಬೆವರು ಕಿತ್ತುಕೊಂಡ ಕೂಡಲೇ ಹೆಡ್‌ಸೆಟ್ ತೆಗೆದುಬಿಡಿ. ಹಲ್ಲು ಕಚ್ಚಿ ಕೂತರೆ ಆಮೇಲೆ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸೋ ಹಾಗಾಗಬಹುದು. ಮೊದಲು ನೇರ ಹಾರಾಟ, ನಿಧಾನದ ತಿರುವು, ಆಮೇಲೆ ಡಾಗ್‌ಫೈಟ್. ಎದುರಿಗೆ ಒಂದು ಫ್ಯಾನ್ ಇಟ್ಟುಕೊಂಡರೆ ತುಂಬಾ ಆರಾಮ.

ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದರೆ ಎಚ್‌ಪಿ ರಿವರ್ಬ್ ಜಿ2 ಅನ್ನೋ ಹೆಡ್‌ಸೆಟ್ ಕಣ್ಣಿಗೆ ಬೀಳುತ್ತದೆ. ಚಿತ್ರ ಈಗಲೂ ಚೆನ್ನಾಗಿದೆ. ಆದರೆ ಅದು ನಡೆಯುವ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ಸಾಫ್ಟ್‌ವೇರ್ ಅನ್ನು ಮೈಕ್ರೋಸಾಫ್ಟ್ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದುಹಾಕಿದೆ, ಅಗ್ಗ ಅಂತ ಹಾರಬೇಡಿ. ಕ್ವೆಸ್ಟ್ 3 ಚಿತ್ರವನ್ನು ಕುಗ್ಗಿಸಿ ಕೇಬಲ್ ಅಥವಾ ವೈಫೈ ಮೂಲಕ ತರಿಸಿಕೊಳ್ಳುತ್ತದೆ, ಚೂರು ಸ್ಪಷ್ಟತೆ ಹೋಗುತ್ತದೆ. ಆದರೂ ಮೊದಲ ಹೆಡ್‌ಸೆಟ್‌ಗೆ ನಾನು ಅದನ್ನೇ ಹೇಳೋದು.

ಸಾಧ್ಯವಾದರೆ ಸ್ನೇಹಿತರ ಹೆಡ್‌ಸೆಟ್ ಎರವಲು ತಂದು ಡಿಸಿಎಸ್ ಜೊತೆ ಪುಕ್ಕಟೆ ಬರುವ ಟಿಎಫ್-51ಡಿ ವಿಮಾನದಲ್ಲಿ ಒಂದು ಸುತ್ತು ಹಾಕಿ, ಆಮೇಲೆ ದುಡ್ಡು ಬಿಚ್ಚಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ತಿಳಿಸಿದರೆ ಯಾವ ಸೆಟ್ಟಿಂಗ್ ಎಷ್ಟಿಡಬೇಕು ಅಂತ ಹೇಳುತ್ತೇನೆ.