ಡೆಂಗಿ: ಒತ್ತಡ ಸರಿಯಿದ್ದರೂ ಬೆರಳ ತುದಿಗೆ ರಕ್ತ ತಡವಾಗಿ ಮರಳುವುದೇಕೆ?

ಜ್ವರದ ಐದನೆಯ ದಿನ ರಕ್ತದೊತ್ತಡ 100/82 ಇದ್ದರೂ, ಒತ್ತಿ ಬಿಟ್ಟ ಬೆರಳಿಗೆ ಬಣ್ಣ ಮರಳಲು 4 ಸೆಕೆಂಡು ಹಿಡಿಯುತ್ತಿದೆ ಎಂದು ಕೇಳಿದ್ದೀರಿ. ಲೋಮನಾಳಗಳಿಂದ (ಅತಿ ಸಣ್ಣ ರಕ್ತನಾಳಗಳಿಂದ) ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರುತ್ತಿರುವಾಗ ದೇಹವು ಕೈಕಾಲುಗಳ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಕಾಯ್ದುಕೊಳ್ಳುತ್ತಿರುವುದೇ ಇದಕ್ಕೆ ಕಾರಣವಿರಬೇಕು. ಎರಡು ಒತ್ತಡಗಳ ಅಂತರ ಇಲ್ಲಿ 18 ಮಾತ್ರ. ಡೆಂಗಿಯಲ್ಲಿ ಅದು 20 ಅಥವಾ ಅದಕ್ಕಿಂತ ಕಡಿಮೆಯಾದರೆ ಶಾಕ್ (ಅಂಗಗಳಿಗೆ ರಕ್ತ ಸಾಲದ ಅಪಾಯದ ಸ್ಥಿತಿ) ಎಂದೇ ಪರಿಗಣಿಸಬೇಕಾದ್ದರಿಂದ, ಮೊದಲು ಹಿರಿಯ ವೈದ್ಯರನ್ನು ಕರೆಯಿರಿ.

ಅವರು ಬರುವಷ್ಟರಲ್ಲಿ ಕೈಯನ್ನು ಬೆಚ್ಚಗೆ ಹೊದಿಸಿ, ತೋರುಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವಂತೆ 10 ಸೆಕೆಂಡು ಒತ್ತಿ ಹಿಡಿದು, ಬಿಟ್ಟ ಮೇಲೆ ಗಡಿಯಾರ ನೋಡಿಯೇ ಎಣಿಸಿ. ತಣ್ಣನೆಯ ಎ.ಸಿ. ಕೋಣೆಯಲ್ಲಿಯೂ ಮಂದ ಬೆಳಕಿನಲ್ಲಿಯೂ ಈ ಅಳತೆ ತಪ್ಪಬಹುದು. ಒಂದೇ ಎಣಿಕೆಯನ್ನು ನಂಬಬೇಡಿ. ರಕ್ತನಾಳಕ್ಕೆ ದ್ರವ ಕೊಡಲು ಆರಂಭಿಸುವ ಮುನ್ನ ಹೆಮಾಟೊಕ್ರಿಟ್‌ಗೆ (ರಕ್ತದಲ್ಲಿ ಕೆಂಪು ಕಣಗಳ ಪಾಲಿನ ಅಳತೆ) ರಕ್ತ ತೆಗೆದಿಡಿ, ಸಾಧ್ಯವಾದರೆ ಅಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್‌ಗೂ. ಒತ್ತಡ ಕುಸಿಯದ ಈ ಹಂತದಲ್ಲಿ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುವುದು ಕೆ.ಜಿ.ಗೆ 5ರಿಂದ 10 ಮಿ.ಲೀ. ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಒಂದು ಗಂಟೆಯಲ್ಲಿ.

ಅನಂತರ ಪ್ರತಿ 30 ನಿಮಿಷಕ್ಕೊಮ್ಮೆ ಬೆರಳನ್ನು ಪರೀಕ್ಷಿಸಿ ಬರೆದಿಡಿ. 3 ಸೆಕೆಂಡಿನೊಳಗೆ ಬಣ್ಣ ಮರಳಬೇಕೆಂಬ ಗುರಿಯನ್ನು 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನ ಪರೀಕ್ಷಿಸಿದ್ದು ಸೆಪ್ಟಿಕ್ ಶಾಕ್ (ತೀವ್ರ ಸೋಂಕಿನಿಂದಾಗುವ ಶಾಕ್) ರೋಗಿಗಳಲ್ಲಿ, ಆದ್ದರಿಂದ ಡೆಂಗಿಯಲ್ಲಿ ಅದನ್ನು ನಾಡಿ, ಮೂತ್ರದ ಪ್ರಮಾಣ ಮತ್ತು ಹೆಮಾಟೊಕ್ರಿಟ್‌ಗಳ ಜೊತೆಗಿಟ್ಟೇ ಓದಬೇಕು. ಬೆರಳು ಸುಧಾರಿಸಿದೊಡನೆ ದ್ರವದ ವೇಗವನ್ನು ಹಂತಹಂತವಾಗಿ ಇಳಿಸಲು ಕೇಳಿ, ಏಕೆಂದರೆ ಸೋರಿಕೆ 24ರಿಂದ 48 ಗಂಟೆಗಳಲ್ಲಿ ನಿಂತ ಮೇಲೆ ಹೆಚ್ಚುವರಿ ದ್ರವವು ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಹೆಮಾಟೊಕ್ರಿಟ್ ಇಳಿದರೂ ಬೆರಳು ತಣ್ಣಗೇ ಉಳಿದರೆ ಒಳ ರಕ್ತಸ್ರಾವವನ್ನು ಶಂಕಿಸಿ, ರಕ್ತನಿಧಿಗೆ ಆಗಲೇ ತಿಳಿಸಿ.