ಪ್ರಬಂಧದಲ್ಲಿ ‘ವಾದ’ ಅಂದರೆ ಏನು?

ಪ್ರಶ್ನೆ: ಮಂಡ್ಯದಲ್ಲಿ ಮೊದಲ ವರ್ಷದ ಬಿಎ ಓದುತ್ತಿದ್ದೇನೆ. ಕನ್ನಂಬಾಡಿ ಕಟ್ಟೆ ಮತ್ತು ಮಂಡ್ಯದ ಬೇಸಾಯದ ಬಗ್ಗೆ ಐದು ಪುಟ ಬರೆದುಕೊಂಡು ಹೋದೆ. ‘ಇದರಲ್ಲಿ ನಿನ್ನ ವಾದ ಎಲ್ಲಿದೆ?’ ಅಂತ ಮೇಷ್ಟ್ರು ವಾಪಸ್ ಕೊಟ್ಟರು. ಏನು ಮಾಡಲಿ ಸರ್?

ಉತ್ತರ: ಬೇಜಾರಾಗಬೇಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದು ಬಂದವರಿಗೆಲ್ಲ ಈ ಪ್ರಶ್ನೆ ಹೊಸದು. ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು ಅನ್ನುವುದು ಬರೀ ಮಾಹಿತಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ ಅಲ್ವಾ? ‘ಮಂಡ್ಯ ಕಬ್ಬಿನ ನಾಡಾಗಲು ಕಟ್ಟೆಯೊಂದೇ ಸಾಕಾಗಲಿಲ್ಲ, ವಿಶ್ವೇಶ್ವರಯ್ಯ ನಾಲೆಯೂ 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯೂ ಬೇಕಾದವು’ ಅಂದರೆ ಅದು ವಾದ, ಯಾಕೆಂದರೆ ಇದನ್ನು ಒಪ್ಪದವರು ಇರಬಹುದು, ಅವರನ್ನು ನೀವು ಆಧಾರ ಕೊಟ್ಟು ಒಪ್ಪಿಸಬೇಕು. ಆ ಒಂದು ವಾಕ್ಯವನ್ನು ಮೊದಲು ಬರೆದಿಟ್ಟುಕೊಳ್ಳಿ. ಪ್ರತಿ ಪ್ಯಾರಾ ಅದಕ್ಕೆ ಏನು ಸೇರಿಸುತ್ತದೆ ಅಂತ ಕೇಳಿಕೊಳ್ಳಿ. ಏನೂ ಇಲ್ಲದಿದ್ದರೆ, ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ. ಬೇರೆಯವರ ಮಾತು ತೆಗೆದುಕೊಂಡರೆ ಪುಸ್ತಕದ ಹೆಸರು, ಪುಟ ಆಗಲೇ ಗುರುತು ಹಾಕಿಕೊಳ್ಳಿ, ಆಮೇಲೆ ಹುಡುಕುವುದು ತುಂಬಾ ಕಷ್ಟ. ಪೀಠಿಕೆಯನ್ನು ಕೊನೆಗೆ ಬರೆದರೂ ನಡೆಯುತ್ತದೆ.